ಕೋರ್ಸ್ ಪೇಜ್ ಹೇಗೆ ಜೋಡಿಸಬೇಕು: ವಾರದ ಲೆಕ್ಕವೋ, ವಿಷಯದ ಲೆಕ್ಕವೋ?

ಮೊದಲ ಸಲ ಆನ್‌ಲೈನ್ ಕೋರ್ಸ್ ಪೇಜ್ ಮಾಡಿದಾಗ ನನಗೆ ಅದರ ಬಗ್ಗೆ ತುಂಬ ಹೆಮ್ಮೆ ಇತ್ತು. ಮೇಲೆ ದೊಡ್ಡ ಬ್ಯಾನರ್. ಅದರ ಕೆಳಗೆ ನಾಲ್ಕು ಪ್ಯಾರಾ ಸ್ವಾಗತ, ಕೋರ್ಸಿನ ಗುರಿಗಳು, ನನ್ನ ಫೋಟೋ, ಪರಿಚಯ. ಆಮೇಲೆ ಸಾಲಾಗಿ ಹತ್ತು ಘಟಕಗಳು. ಐದನೇ ವಾರ ಒಬ್ಬ ವಿದ್ಯಾರ್ಥಿನಿ ನನ್ನ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಆ ವಾರದ ಅಸೈನ್‌ಮೆಂಟ್ ಹುಡುಕುತ್ತಿದ್ದಳು. ಹೆಬ್ಬೆರಳು ಓಡುತ್ತಲೇ ಇತ್ತು. ಬ್ಯಾನರ್ ಹೋಯಿತು, ಸ್ವಾಗತ ಹೋಯಿತು, ನನ್ನ ಫೋಟೋನೂ ಹೋಯಿತು. 'ಘಟಕ 4' ತೆರೆದಳು, ಇಲ್ಲ. 'ಘಟಕ 5' ತೆರೆದಳು, ಅಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗೆ, 'ಇತರೆ' ಅನ್ನುವ ಜಾಗದಲ್ಲಿ. ಅಲ್ಲಿಟ್ಟವನು ನಾನೇ. ಯಾಕೆ ಇಟ್ಟೆ ಅಂತ ನನಗೇ ನೆನಪಿರಲಿಲ್ಲ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ ಸರ್, ನಾವು ಗ್ರೂಪಲ್ಲಿ ಒಬ್ಬರನ್ನೊಬ್ಬರು ಕೇಳ್ಕೋತೀವಿ" ಅಂದಳು. ಅದರ ಬದಲು ಬೈದಿದ್ದರೇ ವಾಸಿಯಿತ್ತು.

ನಾನು ಪೇಜ್ ಮಾಡಿದ್ದು ಮೊದಲ ದಿನ ಬರುವವರಿಗೆ. ಆ ಮೊದಲ ದಿನ ಬರುವುದು ಒಂದೇ ಸಲ. ಆಮೇಲೆ ಅದೇ ವಿದ್ಯಾರ್ಥಿ ಐವತ್ತು ಸಲ ಬರುತ್ತಾರೆ. ಪ್ರತಿ ಸಲವೂ ಕೈಯಲ್ಲಿ ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡೇ ಬರುತ್ತಾರೆ: ಈ ವಾರ ಏನು ಮಾಡಬೇಕು? ಆ ವಿಡಿಯೊ ಎಲ್ಲಿತ್ತು? ಅಂಕ ಬಂತಾ? ಕೆಳಗಿನ ಪ್ರತಿ ಆಯ್ಕೆಯನ್ನೂ ನಾನು ಈ ಐವತ್ತನೇ ಭೇಟಿಯ ಕಣ್ಣಿನಿಂದ ತೂಗಿದ್ದೇನೆ.

ವಾರವೋ, ವಿಷಯವೋ

ಇದೇ ಮೊದಲ ತೀರ್ಮಾನ. ಉಳಿದ ಬಹಳಷ್ಟು ಇದರ ಮೇಲೆ ನಿಂತಿರುತ್ತದೆ. ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ ಮೂಡಲ್‌ನಲ್ಲಿ (ಮೊದಲ ಆವೃತ್ತಿ ಬಂದದ್ದು 2002ರಲ್ಲಿ) ಎರಡಕ್ಕೂ ಅವಕಾಶ ಇದೆ. ವಾರದ ವಿನ್ಯಾಸ ಆರಿಸಿ ಕೋರ್ಸ್ ಶುರುವಾಗುವ ದಿನ ಕೊಟ್ಟರೆ ತಾರೀಕುಗಳನ್ನು ಅದೇ ಲೆಕ್ಕ ಹಾಕಿ ಬರೆಯುತ್ತದೆ. ನಡೆಯುತ್ತಿರುವ ವಾರವನ್ನು ತಾನೇ ಎತ್ತಿ ತೋರಿಸುತ್ತದೆ. ವಿಷಯದ ವಿನ್ಯಾಸದಲ್ಲಿ ಹಾಗಿಲ್ಲ. ಯಾವ ಭಾಗ ಈಗ ನಡೆಯುತ್ತಿದೆ ಅಂತ ನೀವೇ ಗುರುತು ಹಾಕಬೇಕು.

ವಾರದ ಲೆಕ್ಕದ ದೊಡ್ಡ ಲಾಭ: 'ಈಗ ಏನು ಮಾಡಬೇಕು' ಅನ್ನುವ ಪ್ರಶ್ನೆಗೆ ಪೇಜೇ ಉತ್ತರ ಕೊಡುತ್ತದೆ. ಇಡೀ ತರಗತಿ ಒಟ್ಟಿಗೆ ನಡೆಯುವ, ಗಡುವುಗಳಿರುವ ಕೋರ್ಸಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ. ತೊಂದರೆ ಶುರುವಾಗುವುದು ಪರೀಕ್ಷೆ ಹತ್ತಿರ ಬಂದಾಗ. ಸಂಭವನೀಯತೆ ಪಾಠ ಮತ್ತೆ ನೋಡಬೇಕು ಅಂತ ಬಂದವರಿಗೆ ಅದು ಐದನೇ ವಾರದಲ್ಲಿತ್ತೋ ಏಳನೇ ವಾರದಲ್ಲಿತ್ತೋ ನೆನಪಿರುವುದಿಲ್ಲ. ಯಾರ ತಲೆಯಲ್ಲೂ ಪಾಠ ವಾರದ ನಂಬರ್ ಹಿಡಿದು ಕೂತಿರುವುದಿಲ್ಲ, ಅಲ್ವಾ?

ವಿಷಯದ ಲೆಕ್ಕ ಇದರ ತದ್ವಿರುದ್ಧ. ಮತ್ತೆ ಓದುವುದಕ್ಕೆ ಸಲೀಸು. ಮುಂದಿನ ವರ್ಷ ಅದೇ ಕೋರ್ಸನ್ನು ಮತ್ತೆ ನಡೆಸುವುದೂ ಸಲೀಸು, ಯಾಕೆಂದರೆ ಮಧ್ಯದಲ್ಲಿ ರಜೆ ಬಂದು ಒಂದು ವಾರ ಆಚೀಚೆ ಆದರೂ ಹೆಸರುಗಳು ಹಾಗೇ ಉಳಿಯುತ್ತವೆ. ಆದರೆ ಸೋಮವಾರ ಬೆಳಿಗ್ಗೆ ಪೇಜ್ ತೆರೆದವರಿಗೆ ಅದು ಏನೂ ಹೇಳುವುದಿಲ್ಲ. 'ಈಗ ನಾವು ಎಲ್ಲಿದ್ದೀವಿ' ಅಂತ ತರಗತಿಯ ಗ್ರೂಪಿನಲ್ಲಿ ಕೇಳಬೇಕಾಗುತ್ತದೆ.

ಗಡುವು ಇರುವ ಕೋರ್ಸಾದರೆ ನಾನು ಅಸ್ಥಿಪಂಜರಕ್ಕೆ ವಾರ ಇಟ್ಟು, ಹೆಸರಿನೊಳಗೆ ವಿಷಯ ಸೇರಿಸುತ್ತೇನೆ: 'ವಾರ 5: ಸಂಭವನೀಯತೆ, ಭಾಗ 1 (ಮಾರ್ಚ್ 3–9)'. ಒಂದೇ ಸಾಲು, ಎರಡೂ ಪ್ರಶ್ನೆಗೆ ಉತ್ತರ. ಪಾಠ ಎರಡು ವಾರಕ್ಕೆ ಹರಡಿದರೆ ಭಾಗ 2 ಅಂತ ಹಾಕಿದರಾಯಿತು.

ಯಾರು ಯಾವಾಗ ಬೇಕಾದರೂ ಸೇರಿ, ತಮ್ಮ ವೇಗದಲ್ಲಿ ಮುಗಿಸುವ ಕೋರ್ಸಿಗೆ ಮಾತ್ರ ವಾರ ಬೇಡವೇ ಬೇಡ. ನಿಧಾನವಾಗಿ ಓದುವವರು ಎರಡು ತಿಂಗಳಾದರೂ 'ವಾರ 2'ರಲ್ಲೇ ಇದ್ದರೆ ಆ ಹೆಸರೇ ದಿನಾ ಅವರನ್ನು ಚುಚ್ಚುತ್ತದೆ. ಅಲ್ಲಿ ವಿಷಯವೇ ಸರಿ. ಜೊತೆಗೆ ಎಷ್ಟು ಹೊತ್ತು ಹಿಡಿಯಬಹುದು ಅಂತ ಒಂದು ಅಂದಾಜು ಸಾಕು.

ವಿಡಿಯೊ ಒಂದು ಕಡೆ, ಪಿಡಿಎಫ್ ಇನ್ನೊಂದು ಕಡೆ?

ಮೂರನೆಯ ದಾರಿಯೊಂದಿದೆ. ತುಂಬ ಜನ ಗೊತ್ತಿಲ್ಲದೆಯೇ ಆ ದಾರಿ ಹಿಡಿಯುತ್ತಾರೆ. ಎಲ್ಲ ವಿಡಿಯೊಗಳು ಒಂದು ಫೋಲ್ಡರಿನಲ್ಲಿ, ಎಲ್ಲ ಪಿಡಿಎಫ್‌ಗಳು ಇನ್ನೊಂದರಲ್ಲಿ, ಕ್ವಿಜ್‌ಗಳು ಮತ್ತೊಂದರಲ್ಲಿ. ನೋಡುವುದಕ್ಕೆ ಬಹಳ ಅಚ್ಚುಕಟ್ಟು. ಅಂಗಿಗಳನ್ನೆಲ್ಲ ಒಂದು ಬೀರುವಿನಲ್ಲಿ, ಅವುಗಳ ಗುಂಡಿಗಳನ್ನೆಲ್ಲ ಇನ್ನೊಂದು ಬೀರುವಿನಲ್ಲಿ ಇಟ್ಟಷ್ಟೇ ಅಚ್ಚುಕಟ್ಟು.

ಇದು ಮೇಷ್ಟರ ಕಂಪ್ಯೂಟರಿನ ಕ್ರಮ. ವಿದ್ಯಾರ್ಥಿ ಕೆಲಸ ಮಾಡುವ ಕ್ರಮ ಬೇರೆ: ಇದನ್ನು ನೋಡು, ಅದನ್ನು ಓದು, ಈ ಲೆಕ್ಕ ಮಾಡು, ಇಲ್ಲಿ ಸಲ್ಲಿಸು. ಈ ನಾಲ್ಕೂ ಒಂದರ ಕೆಳಗೆ ಒಂದು ಇದ್ದರೆ ಮೇಲಿನಿಂದ ಕೆಳಗೆ ಬಂದರೆ ಸಾಕು. ಫೋಲ್ಡರ್ ಫೋಲ್ಡರ್ ಅಲೆಯಬೇಕಾದರೆ ಮೂರನೆಯದು ಖಂಡಿತ ತಪ್ಪಿಹೋಗುತ್ತದೆ.

ಒಂದು ವಿನಾಯಿತಿ ಕೊಡುತ್ತೇನೆ. ಸೂತ್ರಗಳ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ, ಪದಕೋಶದಂಥವು ಯಾವ ಒಂದು ವಾರಕ್ಕೂ ಸೇರಿದವಲ್ಲ. ಅವಕ್ಕೆ 'ಪದೇ ಪದೇ ಬೇಕಾಗುವವು' ಅಂತ ಒಂದೇ ಜಾಗ ಮಾಡಿ. ಅದನ್ನು ಮೇಲ್ಗಡೆ ಇಡಿ. ಮತ್ತೆ ಅದಕ್ಕೆ 'ಇತರೆ' ಅಂತ ಮಾತ್ರ ಹೆಸರಿಡಬೇಡಿ.

ಒಂದೇ ಉದ್ದ ಪೇಜೋ, ತುಂಡು ತುಂಡೋ

ಮೂಡಲ್‌ನ ಕೋರ್ಸ್ ಸೆಟ್ಟಿಂಗ್‌ನಲ್ಲಿ ಇದಕ್ಕೂ ಆಯ್ಕೆ ಇದೆ. ಎಲ್ಲ ಭಾಗಗಳನ್ನೂ ಒಂದೇ ಪೇಜಿನಲ್ಲಿ ತೋರಿಸಬಹುದು, ಇಲ್ಲವೇ ಒಂದೊಂದು ಭಾಗಕ್ಕೂ ಒಂದೊಂದು ಪೇಜ್ ಕೊಡಬಹುದು. ಅಂಥದ್ದೇ ಇನ್ನೊಂದು ತಂತ್ರಾಂಶ ಕ್ಯಾನ್ವಾಸ್‌ನಲ್ಲಿ ಮಾಡ್ಯೂಲ್‌ಗಳು, ಅಂದರೆ ಕೋರ್ಸಿನ ಭಾಗಗಳು, ಮಡಚಿ ಬಿಚ್ಚುವ ಪಟ್ಟಿಯಾಗಿ ಬರುತ್ತವೆ.

ಒಂದೇ ಪೇಜಿನಲ್ಲಿದ್ದರೆ ಏನೂ ಅಡಗಿ ಕೂರುವುದಿಲ್ಲ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಎಫ್ ಒತ್ತಿ ಪದ ಹುಡುಕಬಹುದು. ಮೊಬೈಲಿನಲ್ಲಿ ಅದೇ ಪೇಜ್ ಬಾವಿಯ ಹಾಗೆ, ಇಳಿದಷ್ಟೂ ಇಳಿಯುತ್ತಲೇ ಇರಬೇಕು. ತುಂಡು ಪೇಜ್‌ಗಳು ಮೊಬೈಲಿಗೆ ಹಗುರ, ಆದರೆ ಯಾವ ಬಾಗಿಲ ಹಿಂದೆ ಏನಿದೆ ಅಂತ ಹೆಸರು ನೋಡಿಯೇ ಊಹಿಸಬೇಕು. ಹೆಸರು ಕೆಟ್ಟದಾಗಿದ್ದರೆ ಒಳಗೆ ಹೋಗಿ, ವಾಪಸ್ ಬಂದು, ಮತ್ತೊಂದಕ್ಕೆ ಹೋಗಿ ಸುಸ್ತು. ಮಡಚುವ ಪಟ್ಟಿ ಇವೆರಡರ ನಡುವೆ ನಿಲ್ಲುತ್ತದೆ. ಅದಕ್ಕೂ ಒಂದು ಐಬು ಇದೆ: ಮಡಚಿಟ್ಟ ಭಾಗದೊಳಗಿನ ಪದ ಕಂಟ್ರೋಲ್ ಎಫ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ನನ್ನ ಅಳತೆ ಇಷ್ಟು. ಹತ್ತರೊಳಗೆ ಭಾಗ, ಒಂದೊಂದರಲ್ಲಿ ನಾಲ್ಕೈದು ಕೆಲಸ ಇದ್ದರೆ ಮಡಚುವ ಪಟ್ಟಿ, ಈ ವಾರದ್ದು ಮಾತ್ರ ಬಿಚ್ಚಿಟ್ಟು. ಅದಕ್ಕಿಂತ ಜಾಸ್ತಿಯಾದರೆ ಬೇರೆ ಬೇರೆ ಪೇಜ್. ಮೂಡಲ್ 4.0ರಲ್ಲಿ, ಅಂದರೆ 2022ರಿಂದ, ಪೇಜಿನ ಪಕ್ಕದಲ್ಲೇ ಇಡೀ ಕೋರ್ಸಿನ ಸೂಚಿ ಬರುತ್ತದೆ. ಹಾಗಾಗಿ ತುಂಡು ಪೇಜ್‌ಗಳಲ್ಲಿ ದಾರಿ ತಪ್ಪುವುದು ಕಡಿಮೆಯಾಗಿದೆ. ಸಣ್ಣ ಪರದೆಯಲ್ಲಿ ಅದು ಒಂದು ಬಟನ್ ಹಿಂದೆ ಅವಿತಿರುತ್ತದೆ. ಮೊದಲ ದಿನವೇ ಆ ಬಟನ್ ತೋರಿಸಿಕೊಡಿ.

ಇಲ್ಲಿ ಯಾರಾದರೂ 'ಏನೇ ಇದ್ದರೂ ಮೂರು ಕ್ಲಿಕ್ಕಿನಲ್ಲಿ ಸಿಗಬೇಕು' ಅನ್ನುತ್ತಾರೆ. ನಾನೂ ಬಹಳ ದಿನ ನಂಬಿದ್ದೆ. ಪಕ್ಕದಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ, ಸರಿಯಾದ ದಾರಿಯಲ್ಲಿದ್ದೀನಿ ಅನ್ನಿಸಿದರೆ ಐದು ಕ್ಲಿಕ್ ಮಾಡಲೂ ಯಾರೂ ಬೇಸರಪಡುವುದಿಲ್ಲ. ಅನುಮಾನ ಬಂದರೆ ಎರಡನೆಯದಕ್ಕೇ ವಾಪಸ್. 1990ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಪೀಟರ್ ಪಿರೊಲಿ ಮತ್ತು ಸ್ಟುವರ್ಟ್ ಕಾರ್ಡ್ ಇದನ್ನು ವಾಸನೆ ಹಿಡಿದು ಬೇಟೆ ಹುಡುಕುವ ಪ್ರಾಣಿಗೆ ಹೋಲಿಸಿದರು. ವಾಸನೆ ಗಾಢವಾಗುತ್ತಿದ್ದರೆ ಪ್ರಾಣಿ ಮುಂದೆ ಹೋಗುತ್ತದೆ, ಮಾಸಿದರೆ ದಾರಿ ಬದಲಿಸುತ್ತದೆ. ಲಿಂಕಿನ ಹೆಸರೇ ಆ ವಾಸನೆ. 'ಮೆನುವಿನಲ್ಲಿ ಏಳಕ್ಕಿಂತ ಜಾಸ್ತಿ ಇರಬಾರದು' ಅನ್ನುವ ಮಾತೂ ಅಂಥದ್ದೇ. ಅದಕ್ಕೆ ಆಧಾರವಾಗಿ ತೋರಿಸುವುದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರ 1956ರ ಲೇಖನವನ್ನು. ಅದರಲ್ಲಿರುವುದು ತಲೆಯಲ್ಲಿ ಒಮ್ಮೆಗೆ ಎಷ್ಟು ಹಿಡಿದಿಟ್ಟುಕೊಳ್ಳಬಹುದು ಅನ್ನುವಂಥ ವಿಚಾರ. ಕಣ್ಣ ಮುಂದೆಯೇ ಇರುವ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ.

ಹೆಸರು: ಇಲ್ಲೇ ಅರ್ಧ ಕೆಲಸ

ವಿನ್ಯಾಸ ಯಾವುದೇ ಇರಲಿ, ಹೆಸರು ಕೆಟ್ಟರೆ ಎಲ್ಲ ಕೆಟ್ಟಿತು. ನನ್ನ ಹಳೆಯ ಪೇಜಿನಲ್ಲಿದ್ದ ನಾಲ್ಕು ಹೆಸರು ಹೇಳುತ್ತೇನೆ: 'ಘಟಕ 4', 'ನೋಟ್ಸ್ ಫೈನಲ್ ನ್ಯೂ 2', 'ವಿಡಿಯೊ', 'ಮುಖ್ಯ!!'. ಈಗ ಅದೇ ನಾಲ್ಕು ಹೀಗಿವೆ: 'ವಾರ 4: ಸರಾಸರಿ ಮತ್ತು ಹರಡುವಿಕೆ', 'ಓದಿ: ಸರಾಸರಿಯ ಮೂರು ಬಗೆ, 6 ಪುಟ', 'ನೋಡಿ: ಹರಡುವಿಕೆ ಲೆಕ್ಕ ಹಾಕುವುದು, 8 ನಿಮಿಷ', 'ಸಲ್ಲಿಸಿ: ಅಸೈನ್‌ಮೆಂಟ್ 2'. ಪುಟ, ನಿಮಿಷ ಬರೆಯುವುದು ಚಿಕ್ಕ ಸಂಗತಿ ಅನ್ನಿಸಬಹುದು. ಹತ್ತು ನಿಮಿಷ ಬಿಡುವಿದೆ ಅಂತ ಮೊಬೈಲ್ ತೆಗೆದವರಿಗೆ ಅದೇ ಬೇಕಾಗಿರುವುದು.

'ಓದಿ', 'ನೋಡಿ' ಅನ್ನುವುದನ್ನು ಮೊದಲೇ ಹಾಕಿದ್ದಕ್ಕೆ ಕಾರಣ ಇದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಮೂರನೇ ಅಧ್ಯಾಯದ ಅಭ್ಯಾಸ ಪ್ರಶ್ನೆಗಳಿಗೆ ಉತ್ತರ ಬರೆದು ಸಲ್ಲಿಸಿ' ಅಂತ ಹೆಸರಿಟ್ಟರೆ ಸಣ್ಣ ಪರದೆಯಲ್ಲಿ 'ಮೂರನೇ ಅಧ್ಯಾಯದ ಅಭ್ಯಾಸ…' ಅನ್ನುವಲ್ಲಿಗೆ ತುಂಡಾಗಬಹುದು. ಓದಬೇಕೋ, ಬರೆಯಬೇಕೋ, ಸಲ್ಲಿಸಬೇಕೋ ಗೊತ್ತಾಗುವುದಿಲ್ಲ. ಮಾಡಬೇಕಾದ ಕೆಲಸ ಮುಂದೆ ಬಂದು, ಎರಡು ಚುಕ್ಕಿ ಬಿದ್ದರೆ ಆ ಗೊಂದಲ ಇಲ್ಲ.

ಒಂದು ವಸ್ತುವಿಗೆ ಒಂದೇ ಹೆಸರಿರಲಿ. ಒಂದು ಕಡೆ 'ಅಸೈನ್‌ಮೆಂಟ್', ಇನ್ನೊಂದು ಕಡೆ 'ಹೋಂವರ್ಕ್', ಸಿಲಬಸ್‌ನಲ್ಲಿ 'ನಿಯೋಜಿತ ಕಾರ್ಯ' ಅಂತ ಬರೆದರೆ ಮೂರು ಬೇರೆ ಬೇರೆ ಕೆಲಸ ಅಂದುಕೊಳ್ಳುವವರು ಇದ್ದೇ ಇರುತ್ತಾರೆ. ಫೈಲುಗಳಿಗೆ ನಂಬರ್ ಕೊಡುವಾಗ 1, 2 ಅನ್ನುವ ಬದಲು 01, 02 ಅಂತ ಕೊಡಿ. ಅಕ್ಷರಕ್ರಮದಲ್ಲಿ ಜೋಡಿಸುವ ಕಡೆ 10 ಬಂದು 2ರ ಮುಂದೆ ಕೂರುವುದು ತಪ್ಪುತ್ತದೆ.

'ಇಲ್ಲಿ ಕ್ಲಿಕ್ ಮಾಡಿ' ಅನ್ನುವ ಲಿಂಕ್ ದಯವಿಟ್ಟು ಬಿಡಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಬಳಸುವಾಗ ಪೇಜಿನ ಲಿಂಕುಗಳನ್ನಷ್ಟೇ ಒಂದು ಪಟ್ಟಿಯಾಗಿ ಕೇಳಿಸಿಕೊಳ್ಳುವುದುಂಟು. 'ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ' ಅಂತ ಹನ್ನೆರಡು ಸಲ ಕೇಳಿದರೆ ಯಾವುದು ಯಾವುದು ಅಂತ ತಿಳಿಯುವುದು ಹೇಗೆ?

ತೆರೆದ ಕೂಡಲೇ ಏನು ಕಾಣಬೇಕು

ಇಲ್ಲಿ ಮೂರು ಆಯ್ಕೆ: ಪ್ರಕಟಣೆಗಳ ಹರಿವು, ಮಾಡ್ಯೂಲ್‌ಗಳ ಪಟ್ಟಿ, ಅಥವಾ 'ಈ ವಾರ' ಅನ್ನುವ ಒಂದು ಚಿಕ್ಕ ಪೇಜ್. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಮೊದಲೆರಡನ್ನು ಬೇರೆ ಬೇರೆ ಟ್ಯಾಬ್ ಮಾಡಿದೆ. ಸ್ಟ್ರೀಮ್‌ನಲ್ಲಿ ಪ್ರಕಟಣೆ, ಕ್ಲಾಸ್‌ವರ್ಕ್‌ನಲ್ಲಿ ಕೆಲಸ. ಕ್ಯಾನ್ವಾಸ್‌ನಲ್ಲಿ ಯಾವುದು ಮುಖಪುಟ ಆಗಬೇಕು ಅಂತ ಮೇಷ್ಟರೇ ಆರಿಸಬಹುದು.

ಪ್ರಕಟಣೆಗಳನ್ನೇ ಮುಖಪುಟ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಹೊಸದು ಬಂದ ಹಾಗೆ ಹಳೆಯದು ಕೆಳಗೆ ಹೋಗುತ್ತದೆ. ಸೋಮವಾರ ಹಾಕಿದ ಅಸೈನ್‌ಮೆಂಟ್ ವಿವರ ಗುರುವಾರದ ಹೊತ್ತಿಗೆ ಎರಡು ಅಭಿನಂದನೆ, ಒಂದು ನೆಟ್‌ವರ್ಕ್ ದೂರಿನ ಕೆಳಗೆ ಹೂತುಹೋಗಿರುತ್ತದೆ. ಏನಾದರೂ ಬದಲಾದಾಗ ತಿಳಿಸುವುದಕ್ಕೆ ಪ್ರಕಟಣೆ ಸಾಕು.

'ಈ ವಾರ' ಪೇಜ್ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಇಷ್ಟ. ಮೂರು ಸಾಲು, ಮೂರು ಲಿಂಕ್, ಮುಗಿಯಿತು. ಆದರೆ ಅದು ಪ್ರತಿ ವಾರ ಕೈ ಬೇಡುತ್ತದೆ. ಒಂದೇ ಒಂದು ಸೋಮವಾರ ಮರೆತರೆ ಪೇಜ್ ಹೋದ ವಾರದ ಸುದ್ದಿ ಹೇಳುತ್ತಾ ನಿಂತಿರುತ್ತದೆ. ಅದನ್ನು ನಂಬಿ ಹಳೆಯ ಕ್ವಿಜ್ ಮಾಡಿದವರೂ ಇದ್ದಾರೆ. ನಿಮ್ಮ ಸ್ವಭಾವ ನಿಮಗೆ ಗೊತ್ತು. ಮರೆಯುವವರಾದರೆ ಮಾಡ್ಯೂಲ್ ಪಟ್ಟಿಯನ್ನೇ ಮುಖಪುಟ ಮಾಡಿ. ಸ್ವಾಗತ, ಪರಿಚಯ, ಗುರಿಗಳೆಲ್ಲ 'ಮೊದಲು ಇದನ್ನು ಓದಿ' ಅನ್ನುವ ಬೇರೆ ಪೇಜಿಗೆ ಹೋಗಲಿ.

ತಾರೀಕು ಒಂದೇ ಕಡೆ

ಒಂದು ಸಲ ಗಡುವನ್ನು ಸಿಲಬಸ್‌ನಲ್ಲಿ, ವಾರದ ಹೆಸರಿನ ಪಕ್ಕದಲ್ಲಿ, ಅಸೈನ್‌ಮೆಂಟ್‌ನ ಒಳಗೆ, ಹೀಗೆ ಮೂರು ಕಡೆ ಬರೆದಿದ್ದೆ. ಎಲ್ಲಿ ನೋಡಿದರೂ ಕಾಣಲಿ ಅಂತ ಒಳ್ಳೆಯ ಉದ್ದೇಶವೇ. ಆಮೇಲೆ ಗಡುವು ಎರಡು ದಿನ ಮುಂದಕ್ಕೆ ಹೋಯಿತು. ಬದಲಿಸಿದ್ದು ಒಂದೇ ಕಡೆ. ಅರ್ಧ ತರಗತಿ ಹಳೆಯ ತಾರೀಕಿಗೆ ರಾತ್ರಿಯೆಲ್ಲ ಕೂತು ಮುಗಿಸಿತು, ಉಳಿದರ್ಧ ಆರಾಮಾಗಿ ಹೊಸ ತಾರೀಕಿಗೆ ಕೊಟ್ಟಿತು. ಯಾರ ಕೋಪ ಎಷ್ಟಿತ್ತು ಅಂತ ಹೇಳಬೇಕಿಲ್ಲ.

ಗಡುವನ್ನು ಅಸೈನ್‌ಮೆಂಟ್‌ನ ಸೆಟ್ಟಿಂಗ್‌ನಲ್ಲಿ ಮಾತ್ರ ಹಾಕಿ. ಮೂಡಲ್ ಇರಲಿ, ಕ್ಯಾನ್ವಾಸ್ ಇರಲಿ, ಅದು ಅಲ್ಲಿಂದ ತಾನಾಗಿಯೇ ಕ್ಯಾಲೆಂಡರಿಗೆ ಹೋಗುತ್ತದೆ. ಬೇರೆ ಕಡೆ ಬೇಕಿದ್ದರೆ ಲಿಂಕ್ ಕೊಡಿ, ಗಡುವಿನ ತಾರೀಕು ಬರೆಯಬೇಡಿ.

ಬೀಗ ಹಾಕುವುದೋ, ಬಿಟ್ಟುಬಿಡುವುದೋ

ಹಿಂದಿನದು ಮುಗಿಸದೆ ಮುಂದಿನದು ತೆರೆಯದ ಹಾಗೆ ಮಾಡುವ ಸೌಲಭ್ಯ ಮೂಡಲ್, ಕ್ಯಾನ್ವಾಸ್ ಎರಡರಲ್ಲೂ ಇದೆ. ಸುರಕ್ಷತಾ ತರಬೇತಿಯಂಥದ್ದಕ್ಕೆ, ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಅರ್ಥವೇ ಆಗದ ಪಾಠಕ್ಕೆ ಬೀಗ ಸರಿ. ಉಳಿದ ಕಡೆ ಸುಮ್ನೆ ಕಾಟ. ಹುಷಾರಿಲ್ಲದೆ ಒಂದು ವಾರ ತಪ್ಪಿಸಿಕೊಂಡವರು ಈ ವಾರದ ಪಾಠವನ್ನಾದರೂ ನೋಡೋಣ ಅಂದರೆ ಬಾಗಿಲು ಹಾಕಿರುತ್ತದೆ.

ಹಾಕಲೇಬೇಕಾದರೆ, ಮುಚ್ಚಿದ ಭಾಗವನ್ನು ಪೂರ್ತಿ ಮಾಯ ಮಾಡಬೇಡಿ. ಮೂಡಲ್‌ನಲ್ಲಿ ಷರತ್ತಿನ ಪಕ್ಕದ ಕಣ್ಣಿನ ಗುರುತನ್ನು ತೆರೆದೇ ಇಟ್ಟರೆ ಆ ಭಾಗ ಮಸುಕಾಗಿ ಕಾಣುತ್ತದೆ, ಯಾಕೆ ಮುಚ್ಚಿದೆ ಅಂತಲೂ ಬರೆದಿರುತ್ತದೆ. ಕಾಣದೇ ಹೋದರೆ ಪೇಜ್ ಕೆಟ್ಟಿದೆ ಅಂತ ನಿಮಗೆ ಫೋನ್ ಬರುತ್ತದೆ.

ಚಿತ್ರದ ಚೌಕಗಳ ಬಗ್ಗೆ ಎರಡೇ ಮಾತು. ಒಂದೊಂದು ಮಾಡ್ಯೂಲಿಗೂ ಒಂದು ಚಿತ್ರವಿರುವ ಚೌಕ ಇಟ್ಟರೆ ಚೆಂದ ಕಾಣುತ್ತದೆ, ಆರರವರೆಗೆ ಪರವಾಗಿಲ್ಲ. ಹನ್ನೆರಡಾದರೆ ಮೊಬೈಲಿನಲ್ಲಿ ಮತ್ತೆ ಅದೇ ಬಾವಿ. ಬಣ್ಣ ಇಷ್ಟವಿದ್ದರೆ ಹಾಕಿ, ಆದರೆ 'ಕೆಂಪಿರುವುದು ಕಡ್ಡಾಯ' ಅಂತ ಬಣ್ಣವೊಂದನ್ನೇ ನಂಬಬೇಡಿ. ಎಲ್ಲರ ಕಣ್ಣೂ ಕೆಂಪು ಹಸಿರನ್ನು ಬೇರೆ ಮಾಡುವುದಿಲ್ಲ. ತಿಳಿ ಬೂದು ಅಕ್ಷರವೂ ಬೇಡ. ವೆಬ್ ಪೇಜ್ ಎಲ್ಲರಿಗೂ ಬಳಸಲು ಬರಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಕೇಳುತ್ತದೆ. ಅದನ್ನು ಅಳೆದು ಹೇಳುವ ಉಚಿತ ಸಾಧನಗಳು ಬೇಕಾದಷ್ಟಿವೆ.

ಆರಿಸಿದ್ದು ಸರಿಯೋ ಅಂತ ನೋಡುವುದು

ಮೇಷ್ಟರ ಕಣ್ಣಿಗೆ ಪೇಜ್ ಬೇರೆಯೇ ಥರ ಕಾಣುತ್ತದೆ. ಎಡಿಟ್ ಗುರುತುಗಳು, ಮುಚ್ಚಿಟ್ಟ ಫೈಲುಗಳು ಎಲ್ಲವೂ ಇರುತ್ತವೆ. ಕ್ಯಾನ್ವಾಸ್‌ನಲ್ಲಿ ವಿದ್ಯಾರ್ಥಿಯ ನೋಟಕ್ಕೆ ಹೋಗಬಹುದು, ಮೂಡಲ್‌ನಲ್ಲಿ ಪಾತ್ರ ಬದಲಿಸಿ ನೋಡಬಹುದು. ಅದನ್ನೂ ಮೊಬೈಲಿನಲ್ಲಿ ನೋಡಿ.

ಆಮೇಲೆ ಕೋರ್ಸ್ ಗೊತ್ತಿಲ್ಲದ ಮೂರು ನಾಲ್ಕು ಜನರನ್ನು ಕೂರಿಸಿಕೊಳ್ಳಿ. ಅವರದೇ ಮೊಬೈಲ್ ಇರಲಿ. ಮೂರು ಕೆಲಸ ಕೊಡಿ: ಈ ವಾರ ಸಲ್ಲಿಸಬೇಕಾದ್ದನ್ನು ಹುಡುಕಿ, ನಿಮ್ಮ ಅಂಕ ಎಲ್ಲಿದೆ ತೋರಿಸಿ, ಮೇಷ್ಟರನ್ನು ಕೇಳಬೇಕಾದರೆ ಎಲ್ಲಿ ಕೇಳುತ್ತೀರಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಇದೇ ಕಷ್ಟದ ಭಾಗ. 'ಅಲ್ಲ, ಅದರ ಕೆಳಗಿನದು' ಅಂತ ಬಾಯಿಗೆ ಬಂದುಬಿಡುತ್ತದೆ. ಅವರು ಮೊದಲು ಎಲ್ಲಿ ಒತ್ತಿದರು ಅನ್ನುವುದನ್ನು ಬರೆದುಕೊಳ್ಳಿ. ಇಬ್ಬರು ಒಂದೇ ತಪ್ಪು ಜಾಗದಲ್ಲಿ ಒತ್ತಿದರೆ ಆ ಜಾಗದ ಹೆಸರೇ ತಪ್ಪು.

ಇದೆಲ್ಲ ಕೋರ್ಸ್ ಶುರುವಾಗುವ ಮುಂಚೆ ಆಗಬೇಕು. ನಡುವೆ ಗೊತ್ತಾದರೆ ಹೆಸರು ತಿದ್ದಿ, ಜಾಗ ಬದಲಿಸಬೇಡಿ. ಕೆಟ್ಟ ಜಾಗವೇ ಆಗಿದ್ದರೂ ಐದು ವಾರದಲ್ಲಿ ಹೆಬ್ಬೆರಳಿಗೆ ಅದು ರೂಢಿಯಾಗಿರುತ್ತದೆ. ನಾನು ಆ ಸಲ 'ಇತರೆ'ಯನ್ನು ಪೇಜಿನ ತಳದಲ್ಲೇ ಬಿಟ್ಟೆ. 'ಅಸೈನ್‌ಮೆಂಟ್‌ಗಳು' ಅಂತ ಹೆಸರು ಬದಲಿಸಿ, ಬ್ಯಾನರ್ ಇದ್ದ ಜಾಗದಲ್ಲಿ ಅಲ್ಲಿಗೆ ಹೋಗುವ ಒಂದು ಲಿಂಕ್ ಹಾಕಿದೆ. ನನ್ನ ಫೋಟೋ ಕಾಣುತ್ತಿಲ್ಲ ಅಂತ ಇವತ್ತಿಗೂ ಯಾರೂ ಕೇಳಿಲ್ಲ.